ಎಂಜಿನ್ನಿನ ದಾಹ

ನಮ್ಮ ಜೂಜುವಾಡಿಯ ಬಾವಿಗಳ ಬಳಿ ಡೀಸೆಲ್ ಎಂಜಿನ್ನು ಗುಡುಗುತ್ತಿದ್ದ ಕಾಲದಲ್ಲಿ ಪೈರಿನ ದಾಹದಷ್ಟೇ ಎಂಜಿನ್ನಿನ ದಾಹವೂ ನಮಗೆ ಚಿಂತೆಯಾಗಿತ್ತು. ಪಂಪು ಎತ್ತಿದ ನೀರಿನಲ್ಲೊಂದು ಪಾಲು ಸಣ್ಣ ಕೊಳವೆಯಲ್ಲಿ ಬಂದು, ಸಿಲಿಂಡರಿನ ಸುತ್ತಣ ಪೊಳ್ಳನ್ನು ಹಾದು ಹೊರಬೀಳಬೇಕು. ಆ ಪೊಳ್ಳನ್ನು ನಾವು ನೀರಂಗಿ ಎನ್ನುತ್ತಿದ್ದೆವು. ಹೊರಬೀಳುವ ಧಾರೆಗೆ ಒಡ್ಡಿದ ಕೈಯೇ ನಮ್ಮ ಉಷ್ಣಮಾಪಕ. ಬೆಚ್ಚಗಿದ್ದರೆ ಕ್ಷೇಮ, ಕೈ ಸುಟ್ಟರೆ, ಧಾರೆ ಸಣ್ಣಗಾದರೆ, ಒಳಗೆ ಕೆಸರೋ ಗಡಸುನೀರಿನ ಸುಣ್ಣವೋ ಕಟ್ಟಿರಬೇಕು. ಕೂಡಲೇ ನಿಲ್ಲಿಸಿ, ತಾನಾಗಿ ಆರಲು ಬಿಡಬೇಕು. ಕಾದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಹೆಡ್ಡು ಸೀಳೀತು. ರಾಗಿ ತೆನೆಗಟ್ಟುವಾಗ ಈ ತಾಳ್ಮೆ ಸುಲಭವಾಗಿರಲಿಲ್ಲ! 1980ರಲ್ಲಿ ಹೊಸೂರಿಗೆ ಅಶೋಕ್ ಲೇಲ್ಯಾಂಡ್ ಬಂದಿತು. ನಮ್ಮ ಹುಡುಗರು ಅದನ್ನೇ ವಾಟರ್ ಜಾಕೆಟ್ ಎಂದು ಕಲಿತರು. ಮೊಮ್ಮಕ್ಕಳಿಗೆ ನೀರಂಗಿ ತಿಳಿಯದು; ಅದಕ್ಕೆಂದೇ ಇಲ್ಲಿ ಬರೆದಿಟ್ಟಿದ್ದೇವೆ.