ಹಂಡೆಯಲ್ಲಿ ಬೇಯಿಸಬೇಕಾದ ಪ್ಲೈವುಡ್

ಅಡಿಕೆಗೆ ಒಳ್ಳೆಯ ದರ ಬಂದ ವರ್ಷ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮೊದಲು ರಿಪೇರಿಯ ಮಾತು ಏಳುವುದು ಅಡುಗೆಮನೆಯದು. ನೆಲಕ್ಕೆ ಕೂತು ರುಬ್ಬಿ, ಮೆಟ್ಟುಗತ್ತಿಯ ಮುಂದೆ ಕೂತು ಹೆಚ್ಚಿ, ಬಗ್ಗಿ ಒಲೆ ಊದಿ ಸೊಂಟ ಸವೆಸಿದ ಹೆಂಗಸರನ್ನು ಕಂಡವರು ಮಾಡ್ಯುಲರ್ ಕಿಚನ್ನಿನ ಆಸೆಯನ್ನು ಶೋಕಿ ಎನ್ನಲಾರರು. ಆಸೆ ನ್ಯಾಯವಾದದ್ದೇ. ಆದರೆ ಅದನ್ನು ಎಲ್ಲಿ ಕೊಳ್ಳಬೇಕು, ಯಾರ ಕೈಲಿ ಕೂರಿಸಬೇಕು ಎನ್ನುವುದನ್ನು ಮಲೆನಾಡಿನಲ್ಲಿ ಮಳೆಯನ್ನು ಕೇಳಿಯೇ ತೀರ್ಮಾನಿಸಬೇಕು.

ಇಂಥ ಅಡುಗೆಮನೆಯ ಮೂಲ ಜರ್ಮನಿಯ ಫ್ರಾಂಕ್‌ಫರ್ಟ್. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಕಾರ್ಮಿಕರ ವಸತಿಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಹೆಂಗಸರು ಇಡೀ ದಿನ ಸುಮ್ಮನೆ ನಡೆಯುವ ಹೆಜ್ಜೆಗಳನ್ನು ಉಳಿಸುವುದು ಅವರ ಉದ್ದೇಶ. ಅಂಥವು ಹತ್ತು ಸಾವಿರದಷ್ಟು ತಯಾರಾದವು. ಅಳತೆ ಹಿಡಿಯುವ ಮೊದಲು ಅಡುಗೆ ಮಾಡುವವರ ನಡಿಗೆಯನ್ನು ನೋಡಿದ ಆ ಬುದ್ಧಿ ಇವತ್ತಿಗೂ ಬೇಕು. ಮಲೆನಾಡಿನ ಅಡುಗೆಮನೆಯ ನಡಿಗೆ ಒಲೆ, ಸಿಂಕು, ಫ್ರಿಜ್ಜುಗಳ ನಡುವೆ ಮುಗಿಯುವುದಿಲ್ಲ. ಹಿತ್ತಲಿಗೆ, ಬಚ್ಚಲಿಗೆ, ಕೊಟ್ಟಿಗೆಗೆ ಹೋಗಿಬರುವ ದಾರಿಯೂ ಅದರೊಳಗೇ ಇದೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯ ಎತ್ತರ ಕೇಳದೆ ಡ್ರಾಯರ್ ಬರೆದುಕೊಂಡು ಹೋಗುವ ಮಾರಾಟಗಾರನಿಂದ ದೂರ ಇರುವುದು ಲೇಸು. ಕಟ್ಟೆಯ ಎತ್ತರವೂ ಹಾಗೆಯೇ. ಸಾಮಾನ್ಯವಾಗಿ 34 ಇಂಚು ಎನ್ನುತ್ತಾರೆ. ಅಡುಗೆ ಮಾಡುವವರನ್ನೇ ನಿಲ್ಲಿಸಿ, ಮಡಿಸಿದ ಮೊಣಕೈಯಿಂದ ನಾಲ್ಕಾರು ಇಂಚು ಕೆಳಗೆ ಗುರುತು ಹಾಕಿದರೆ ಅವರ ಸರಿಯಾದ ಅಳತೆ ಸಿಗುತ್ತದೆ.

ಇನ್ನು ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನ ಮಳೆಯೂ ಅದಕ್ಕೇನೂ ಸೋಲುವುದಲ್ಲ. ಆಷಾಢದಲ್ಲಿ ಉಪ್ಪು ನೀರೊಡೆಯುತ್ತದೆ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಚರ್ಮದ ಚಪ್ಪಲಿಯ ಮೇಲೆ ಬೂಸ್ಟು ಬೆಳೆಯುತ್ತದೆ. ಅಂಥಲ್ಲಿ ಪಾರ್ಟಿಕಲ್ ಬೋರ್ಡಾಗಲಿ, ಸಾದಾ ಎಂಡಿಎಫ್ ಆಗಲಿ ತೇವ ಕುಡಿದು ಉಬ್ಬದೆ ಇನ್ನೇನು ಮಾಡೀತು? ಶೋರೂಮಿನ ಒಣ ಗಾಳಿಯಲ್ಲಿ ಎಲ್ಲವೂ ಒಂದೇ ರೀತಿ ಹೊಳೆಯುತ್ತವೆ. ಕೇಳಬೇಕಾದ್ದು ಮೇಲಿನ ಲ್ಯಾಮಿನೇಟಿನ ಬಣ್ಣವನ್ನಲ್ಲ, ಒಳಗಿನ ಹಲಗೆಯನ್ನು. ಕಮರ್ಷಿಯಲ್ ಎಂದು ಮಾರುವ ಎಂಆರ್ ದರ್ಜೆಯ ಪ್ಲೈವುಡ್ಡು ಸೋಫಾಕ್ಕೋ ಬೀರುವಿಗೋ ಆದೀತು. ಸಿಂಕಿನ ಅಡಿಗೆ ಬೇಡ. ಅಲ್ಲಿಗೆ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡೇ ಬೇಕು. ಆ ಮಾನದಂಡದ ಪ್ರಕಾರ ತುಂಡನ್ನು ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡಬಾರದು. ಮಳೆಗಾಲದಲ್ಲಿ ಬಚ್ಚಲ ಒಲೆ ಆರದ ಮನೆಗಳಿಗೆ ಪ್ರಯೋಗಾಲಯ ದೂರವಿಲ್ಲ. ಅಂಗಡಿಯಿಂದ ಅಂಗೈಯಗಲದ ತುಂಡು ಕೇಳಿ ತಂದು, ಹುರಿಯಿಂದ ಕಲ್ಲಿಗೆ ಕಟ್ಟಿ, ಹಂಡೆಯಲ್ಲಿ ಮುಳುಗಿಸಿಟ್ಟು ಮೂರು ದಿನ ಬಿಟ್ಟು ತೆಗೆಯಬೇಕು. ಅಂಚು ಬಾಯಿ ಬಿಟ್ಟಿದ್ದರೆ, ಚಾಕುವಿನ ತುದಿ ಪದರಗಳ ನಡುವೆ ಸಲೀಸಾಗಿ ಇಳಿದರೆ ಆ ಅಂಗಡಿಯ ಮಾತು ಅಲ್ಲಿಗೇ ಮುಗಿಯಿತು. ತುಂಡು ಕೊಡಲು ಹಿಂಜರಿದರೂ ಹಾಗೆಯೇ.

ಒಳ್ಳೆಯ ಹಲಗೆಯೂ ಕೆಟ್ಟ ಕೈಗೆ ಸಿಕ್ಕಿ ಹಾಳಾಗುತ್ತದೆ. ಕಾರ್ಖಾನೆಯಲ್ಲಿ ಅಂಚಿಗೆಲ್ಲ ಪಟ್ಟಿ ಅಂಟಿಸಿ ಕಳಿಸಿದ ಪೆಟ್ಟಿಗೆಗೆ ಫಿಟ್ಟರ್ ಮನೆಯಲ್ಲಿ ಕೂತು ಪೈಪಿಗೊಂದು, ವೈರಿಗೊಂದು ತೂತು ಕೊರೆಯುತ್ತಾನೆ. ಆ ತೂತಿನ ಹಸಿ ಅಂಚೇ ನೀರಿಗೆ ಬಾಗಿಲು. “ಆಚಾರ್ರೇ, ಇದರ ಅಂಚಿಗೆ ಏನು ಹಚ್ತೀರಿ?” ಎಂದು ಕೆಲಸದ ಮೊದಲೇ ಕೇಳಿಬಿಡಬೇಕು. ಸೀಲರ್, ಸಿಲಿಕಾನ್ ಎಂಬ ಉತ್ತರ ತಕ್ಷಣ ಬಂದರೆ ಅವರಿಗೆ ಈ ಊರಿನ ತೇವ ಗೊತ್ತು ಎಂದರ್ಥ. ಜಂಬಿಟ್ಟಿಗೆ ಗೋಡೆಗೆ, ಅದರಲ್ಲೂ ಹಳೆಯ ಮಣ್ಣಿನ ಗೋಡೆಗೆ, ಸ್ಕ್ರೂ ಗಟ್ಟಿಯಾಗಿ ಹಿಡಿಯುವುದಿಲ್ಲ, ಗೋಡೆ ತೂಕಕ್ಕೂ ಇರುವುದಿಲ್ಲ. ಮೇಲಿನ ಕಪಾಟಿನ ಭಾರಕ್ಕೆ ಏನು ಆಧಾರ ಎಂದು ಅಳತೆ ತೆಗೆಯುವಾಗಲೇ ಮಾತಾಗಬೇಕು. ಅಳತೆಗೆ ಬರುವವರೂ ಕೂರಿಸಲು ಬರುವವರೂ ಒಬ್ಬರೇ ಆದರೆ ಅರ್ಧ ಜಗಳ ತಪ್ಪುತ್ತದೆ. ಅವರನ್ನು ಮಳೆಗಾಲದಲ್ಲೇ ಒಮ್ಮೆ ಕರೆಸಿ ಗೋಡೆ ಎಲ್ಲಿ ಒಸರುತ್ತದೆಂದು ತೋರಿಸಿ, ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳುವುದು ಉತ್ತಮ.

ಇಷ್ಟೆಲ್ಲ ಮಾಡಿದರೂ ಈ ಸೀಮೆಗೆ ಹೆಚ್ಚು ಒಗ್ಗುವುದು ಕಡಪ ಕಲ್ಲಿನ ಅಂಕಣ ಕಟ್ಟಿ, ಮುಂದಕ್ಕೆ ಬಾಗಿಲು ಮತ್ತು ಸ್ಟೀಲ್ ಟ್ರಾಲಿ ಮಾತ್ರ ಕೂರಿಸುವ ಪದ್ಧತಿ. ಕಲ್ಲಿಗೆ ಒರಲೆ ಹತ್ತುವುದಿಲ್ಲ, ನೆಲಕ್ಕೆ ನೀರು ಹೊಯ್ದು ತೊಳೆದರೂ ಅಂಜಿಕೆಯಿಲ್ಲ. ಹತ್ತು ವರ್ಷದ ಮೇಲೆ ಬಾಗಿಲು ಹಾಳಾದರೆ ಪೇಟೆಯ ಬಡಗಿಯೇ ಹೊಸದು ಮಾಡಿಕೊಟ್ಟಾನು.

ಕಂಪನಿಯ ಪೆಟ್ಟಿಗೆಯೇ ಬೇಕೆನ್ನುವವರು ಹಲಗೆಯ ದರ್ಜೆ, ಹಿಂಜು ಮತ್ತು ಚಾನಲ್ಲಿನ ಹೆಸರು, ಕೂರಿಸುವ ಕೂಲಿ ಎಲ್ಲವನ್ನೂ ಜಿಎಸ್‌ಟಿ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಕೊನೆಯ ಕಂತನ್ನು ಪ್ರತಿ ಬಾಗಿಲು ತೆಗೆದು ಹಾಕಿ ನೋಡಿದ ಮೇಲೆ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೆಂಗಳೂರಿನ ಕಂಪನಿಯ ಮೇಲಾದರೂ ದೂರನ್ನು ಕೊಂಡವರು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಶಿವಮೊಗ್ಗದ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಅದಕ್ಕೆ ಶುಲ್ಕವೂ ಇಲ್ಲ.