ನನಗಿಂತ ಮೊದಲು ಬಂದ ಅಡಿಕೆ

ಅಹಮದಾಬಾದಿಗೆ ನನಗಿಂತ ಮೊದಲು ಬಂದದ್ದು ನಮ್ಮೂರಿನ ಅಡಿಕೆ. ನಾನು ಟ್ರಾನ್ಸ್‌ಫರ್ ಆರ್ಡರ್ ಹಿಡಿದುಕೊಂಡು ಕಾಲುಪುರ ಸ್ಟೇಶನ್ನಿನಲ್ಲಿ ಇಳಿದದ್ದು 1994ರಲ್ಲಿ. ಅದು ಎಷ್ಟೋ ದಶಕ ಮೊದಲೇ ಗೋಣಿಚೀಲದಲ್ಲಿ ಕೂತು ಬಂದು ಇಳಿದಿತ್ತು. ಶಿರಸಿ ಸೀಮೆಯ ಚಾಲಿ ಅಡಿಕೆಗೆ ದೊಡ್ಡ ಗಿರಾಕಿ ಎಂದರೆ ಗುಜರಾತು. ಧಾರವಾಡದಲ್ಲಿ ನಾನು ಎಂ.ಕಾಂ. ಓದುವಾಗ ಅಪ್ಪಯ್ಯ ತಿಂಗಳು ತಿಂಗಳು ಮನಿ ಆರ್ಡರ್ ಕಳಿಸುತ್ತಿದ್ದರಲ್ಲ, ಆ ದುಡ್ಡು ಹುಟ್ಟುತ್ತಿದ್ದದ್ದು ಇಲ್ಲಿಯ ಜನರ ಬಾಯಲ್ಲಿ. ಲೆಕ್ಕ ಬಿಡಿಸಿ ನೋಡಿದರೆ ನನ್ನ ಫೀಸು ಕಟ್ಟಿದವರು ಗುಜರಾತಿಗಳೇ!

ತೋಟದ ಕಡೆಯವರಲ್ಲದ ಓದುಗರಿಗೆ ಎರಡು ಮಾತು. ಅಡಿಕೆ ಹಸಿರಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಮರದಲ್ಲೇ ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಒಂದೂವರೆ ತಿಂಗಳು ಅಂಗಳದ ಬಿಸಿಲಿಗೆ ಹರಡಿ, ಆಮೇಲೆ ಸುಲಿದರೆ ಚಾಲಿ. ಗುಜರಾತಿಗೆ ಬೇಕಾದದ್ದು ಈ ಬಿಳಿ ಚಾಲಿ. ಅದರಲ್ಲೂ ಒಂದು ವರ್ಷ ಇಟ್ಟ ಹಳೇ ಚಾಲಿಗೆ ಮರ್ಯಾದೆ ಜಾಸ್ತಿ. ಗಾತ್ರ ನೋಡಿ ಆರಿಸುವಾಗ ವ್ಯಾಪಾರಿಗಳು ಕೊಡುವ ಹೆಸರುಗಳನ್ನು ಕೇಳಿ: ಮೋತಿ, ಶ್ರೀವರ್ಧನ್, ಜಾಮ್‌ನಗರ್, ಜೀನಿ. ನಮ್ಮ ತೋಟದಲ್ಲಿ ಬೆಳೆದ ಕಾಯಿಗೆ ಸೌರಾಷ್ಟ್ರದ ಊರಿನ ಹೆಸರು. ಹೆಣ್ಣುಮಗಳು ಗಂಡನ ಮನೆಯ ಹೆಸರು ಇಟ್ಟುಕೊಂಡ ಹಾಗೆ.

ಮಾರುವುದು ಹೇಗೆ ಎನ್ನುವುದೂ ಒಂದು ನೋಡುವಂಥ ಸಂಗತಿ. ಶಿರಸಿಯ ತೋಟಗಾರ್ಸ್ ಸೊಸೈಟಿ 1923ರಲ್ಲಿ ಶುರುವಾದದ್ದು. ಬೆಳೆಗಾರರ ಅಡಿಕೆಯನ್ನು ಅಲ್ಲಿ ಲಾಟ್ ಮಾಡಿ ರಾಶಿ ಹಾಕುತ್ತಾರೆ. ವ್ಯಾಪಾರಿಗಳು ಬಂದು ಒಂದು ಮುಷ್ಟಿ ಎತ್ತಿ, ಕುಲುಕಿ, ಸಪ್ಪಳ ಕೇಳಿ, ನಾಲ್ಕು ಕಾಯಿ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಆಮೇಲೆ ಕೂಗಾಟವಿಲ್ಲ. ನಾನು ಹುಡುಗನಾಗಿದ್ದಾಗ ಚೀಟಿಯಲ್ಲಿ ರೇಟು ಬರೆದು ಹಾಕುತ್ತಿದ್ದರು. ಈಗ ಅದೆಲ್ಲ ಕಂಪ್ಯೂಟರಿಗೆ ಹೋಗಿದೆ. ಪಕ್ಕದವನು ಎಷ್ಟು ಬರೆದ ಎಂದು ಯಾರಿಗೂ ಗೊತ್ತಿಲ್ಲದ ಹರಾಜು ಅದು. ಹೆಚ್ಚು ಬರೆದವನಿಗೆ ಲಾಟ್. ರೇಟು ಒಪ್ಪಿಗೆಯಾಗದಿದ್ದರೆ ಬೆಳೆಗಾರ ಕೊಡಲೇಬೇಕು ಅಂತಿಲ್ಲ. ಗೋದಾಮಿನಲ್ಲಿ ಇಟ್ಟು, ಅದರ ಮೇಲೆ ಮುಂಗಡ ಪಡೆದು, ಮುಂದಿನ ಟೆಂಡರಿಗೆ ಕಾಯಬಹುದು.

ಈ ‘ಕಾಯಬಹುದು’ ಎಂಬಲ್ಲಿ ನನ್ನ ಪಾತ್ರ ಬರುತ್ತಿತ್ತು. ಊರಲ್ಲಿ ತೋಟ ನೋಡಿಕೊಳ್ಳುವ ತಮ್ಮ ಟೆಂಡರ್ ದಿನ ಎಸ್.ಟಿ.ಡಿ. ಮಾಡುತ್ತಿದ್ದ. ‘ಅಣ್ಣಯ್ಯಾ, ಕೊಡದಾ, ಇಡದಾ?’ ಎರಡೇ ಶಬ್ದದ ಪ್ರಶ್ನೆ. ಆದರೆ ವರ್ಷದ ಊಟ ಅದರಲ್ಲಿ. ನಾನು ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿಸಿ ಕಾಲುಪುರದ ಸಗಟು ಕಿರಾಣಿ ಬೀದಿಗೆ ಹೋಗಿ, ಒಬ್ಬ ಅಡಿಕೆ ವ್ಯಾಪಾರಿ ಕಾಕಾನ ಗದ್ದಿಗೆಯ ಅಂಚಿಗೆ ಕೂರುತ್ತಿದ್ದೆ. ಆತ ಚಹಾ ತರಿಸಿ, ‘ಸಾಹೇಬ್, ಹಮ್ಣಾ ರಾಹ ಜುವೋ’ ಅನ್ನುತ್ತಿದ್ದ. ಸದ್ಯ ಕಾಯಿರಿ ಅಂತ. ಅವನ ಗೋದಾಮಿನಲ್ಲೂ ಸರಕಿತ್ತಲ್ಲ, ಬೇರೆ ಏನು ಹೇಳಿಯಾನು! ಆದರೂ ಅವನ ಮುಖ ನೋಡಿ ಅರ್ಧ ಸತ್ಯ ತಿಳಿಯುತ್ತಿತ್ತು. ಸಾಲಗಾರರ ಮುಖ ನೋಡಿ ನೋಡಿ ಬಂದ ವಿದ್ಯೆ ಇದು.

ಹೀಗೆ ಹೋಗಿ ಬಂದೇ ಹವ್ಯಾಸ ಹತ್ತಿದ್ದು. ಕಾಕಾನ ಅಂಗಡಿಯಲ್ಲಿ ಬೇರೆ ಬೇರೆ ಊರಿನ, ಬೇರೆ ಬೇರೆ ವರ್ಷದ ಚಾಲಿಯನ್ನು ಅರ್ಧರ್ಧ ಕಿಲೋ ಕೊಂಡು, ಬಿಸ್ಕತ್ತಿನ ಡಬ್ಬಿಗಳಲ್ಲಿ ತುಂಬಿ ಚೀಟಿ ಅಂಟಿಸತೊಡಗಿದೆ. ಮಂಗಳೂರಿನದು, ಸಿದ್ದಾಪುರದ್ದು, ಯಲ್ಲಾಪುರದ್ದು, ಕೊನೆಗೆ ನಮ್ಮ ಮನೆಯದು. ಭಾನುವಾರ ಎಲ್ಲಿಸ್ ಬ್ರಿಡ್ಜಿನ ಕೆಳಗೆ ಸಾಬರಮತಿ ದಂಡೆಯ ಗುಜರಿ ಬಜಾರಿಗೆ ಹೋಗಿ ಹಳೆಯ ಅಡಕತ್ತರಿ ಹುಡುಕುವುದು. ಇಲ್ಲಿ ಅದಕ್ಕೆ ಸೂಡಿ ಅನ್ನುತ್ತಾರೆ. ಗಿಣಿ ಮೂತಿಯದು, ಕುದುರೆ ಆಕಾರದ್ದು, ಹಿತ್ತಾಳೆ ಗೆಜ್ಜೆ ಕಟ್ಟಿದ್ದು. ಇಲ್ಲಿ ಗುಟ್ಟಿನ ಚೀಟಿ ಇಲ್ಲ, ಬಾಯಿಯೇ ಟೆಂಡರು. ಅವನು ಇನ್ನೂರು ಅಂದರೆ ನಾನು ನಲವತ್ತು. ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆಯಬೇಕು, ಕರೆದೇ ಕರೆಯುತ್ತಾನೆ. ನಿಮಗೂ ಆಸಕ್ತಿ ಇದ್ದರೆ ವಿಶಾಲಾ ಹೋಟೆಲಿನ ಆವರಣದಲ್ಲಿ 1981ರಲ್ಲಿ ಶುರುವಾದ ಪಾತ್ರೆಗಳ ಮ್ಯೂಸಿಯಂ ನೋಡಿ. ಸೂಡಿಗಳೂ ಅಲ್ಲಿವೆ.

ಕೊಳ್ಳುವುದು ಸುಲಭ, ಇಡುವುದು ಕಷ್ಟ. ಅಹಮದಾಬಾದಿನ ಮೇ ತಿಂಗಳಲ್ಲಿ ಚಾಲಿ ಒಣಗಿ ಕಲ್ಲಾಗುತ್ತದೆ, ಸೂಡಿಯಿಂದ ಜಿಗಿದು ಸೋಫಾ ಕೆಳಗೆ ಸೇರುತ್ತದೆ. ಅಲ್ಲಿಂದ ವಡೋದರಾಕ್ಕೆ ವರ್ಗವಾದಾಗ ನಮ್ಮ ಬ್ರಾಂಚಿಗೆ ಒಬ್ಬ ನಿವೃತ್ತ ಇಂಜಿನಿಯರು ಬರುತ್ತಿದ್ದರು. ಅವರಿಗೆ ಸಿಗಾರಿನ ಹುಚ್ಚು. ಲಂಡನ್ನಿನ ಹರಾಜಿನಲ್ಲಿ ಸಂಬಂಧಿಕರ ಮೂಲಕ ಕ್ಯೂಬಾದ ಹಳೆಯ ಪೆಟ್ಟಿಗೆಗೆ ಬಿಡ್ ಮಾಡಿಸಿ ತರಿಸಿಕೊಂಡವರು. ಸೀಡರ್ ಮರದ ಪೆಟ್ಟಿಗೆ, ಒಳಗೆ ತೇವ ಅಳೆಯುವ ಪುಟ್ಟ ಗಡಿಯಾರ. ಮುಳ್ಳು ಎಪ್ಪತ್ತರ ಆಸುಪಾಸು ನಿಲ್ಲಬೇಕಂತೆ. ‘ನಿಮ್ಮದಕ್ಕೆ ಒಣ ಹವೆ ಬೇಕು, ನನ್ನದಕ್ಕೆ ತೇವ ಬೇಕು. ಚಿಂತೆ ಮಾತ್ರ ಇಬ್ಬರಿಗೂ ಒಂದೇ’ ಅಂತ ನಕ್ಕಿದ್ದರು. ಅಂಥದೇ ಒಂದು ಗಡಿಯಾರವನ್ನು ನಾನೂ ತಂದು ಅಟ್ಟದ ಮೇಲೆ ಡಬ್ಬಿಗಳ ಪಕ್ಕ ಇಟ್ಟೆ. ಸೂರತ್ತಿಗೆ ಹೋದ ಮೇಲೆ ಅದರ ಮುಳ್ಳು ಕೆಳಗಿಳಿದದ್ದೇ ಕಡಿಮೆ. ಸಮುದ್ರದ ಗಾಳಿ. ಮುಚ್ಚಳ ಸಡಿಲಿದ್ದರೆ ವಾರದಲ್ಲಿ ಬೂಸ್ಟು, ಬೂಸ್ಟಿನ ಹಿಂದೆ ಕುಟ್ಟೆ. ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ತಗಡಿನ ಡಬ್ಬಿ, ಮುಚ್ಚಳದ ಸುತ್ತ ಮೇಣ. ಇದು ನಮ್ಮ ಮನೆಯ ಪದ್ಧತಿಯಾಯಿತು.

2006ರ ಆಗಸ್ಟಿನಲ್ಲಿ ತಾಪಿ ನದಿ ಊರೊಳಗೆ ಬಂತು. ನಾವಿದ್ದದ್ದು ಮೊದಲ ಮಹಡಿ. ಕೆಳಗಿನ ಸ್ಟೋರ್ ರೂಮಿನಲ್ಲಿದ್ದ, ತಮ್ಮ ಆ ವರ್ಷ ಕಳಿಸಿದ ಇಪ್ಪತ್ತು ಕಿಲೋ ಚೀಲ ಪೂರ್ತಿ ಮುಳುಗಿತು. ಅಟ್ಟದ ಮೇಲಿನ ಡಬ್ಬಿಗಳು ಉಳಿದವು. ಫೋನು ಹತ್ತಿದಾಗ ವಿಷಯ ಹೇಳಿದೆ. ‘ತಾಪಿ ತಾಯಿಗೆ ಬಾಗಿನ ಕೊಟ್ಟ ಹಾಂಗಾತು ಬಿಡು. ನಿಂಗೊ ಎಲ್ಲಾ ಹುಷಾರಿದ್ರಲೀ’ ಅಂದ. ಅಡಿಕೆಯ ಮಾತು ಅಲ್ಲಿಗೇ ಬಿಟ್ಟ.

ಮತ್ತೆ ಅಹಮದಾಬಾದಿಗೆ ಬಂದ ಮೇಲೆ ಇನ್ನೊಂದು ಲೆಕ್ಕ ಎದುರಾಯಿತು. ನಮ್ಮ ಬ್ರಾಂಚಿನ ಜವಾನ, ಮೂವತ್ತೈದು ದಾಟದವನು, ದಿನವಿಡೀ ಮಾವಾ ಜಗಿಯುತ್ತಿದ್ದ. ಅಡಿಕೆ ಚೂರು, ಸುಣ್ಣ, ತಂಬಾಕು ಒಟ್ಟಿಗೆ ತಿಕ್ಕಿದ್ದು. ಬರಬರುತ್ತ ಅವನ ಬಾಯಿ ಎರಡು ಬೆರಳಿನಷ್ಟೂ ತೆರೆಯದಾಯಿತು. ರೊಟ್ಟಿಯನ್ನು ದಾಲ್‌ನಲ್ಲಿ ನೆನೆಸಿ ಕುಡಿಯುತ್ತಿದ್ದ. 1972ರಿಂದ ಅಸಾರ್ವಾದಲ್ಲಿರುವ ಕ್ಯಾನ್ಸರ್ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಹೇಳಿದ್ದು: ತಂಬಾಕು ಬಿಟ್ಟರೆ ಸಾಲದು, ಅಡಿಕೆಯನ್ನೂ ಬಿಡಬೇಕು, ಬಾಯಿ ಹೀಗೆ ಬಿಗಿಯುವುದು ಅಡಿಕೆಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ತಂಬಾಕಿನ ಸಾಲಿಗೆ ಸೇರಿಸಿತ್ತು. ಮುಂದೆ 2012ರಲ್ಲಿ ಗುಜರಾತಿನಲ್ಲಿ ಗುಟ್ಕಾ ನಿಷೇಧವಾಯಿತು. ಅಡಿಕೆ ನಿಷೇಧವಾಗಲಿಲ್ಲ.

ಆ ವರಾಂಡಾದ ಬೆಂಚಿನಲ್ಲಿ ಕೂತವರನ್ನು ನೋಡುತ್ತ ನನಗೆ ನನ್ನ ಎಂ.ಕಾಂ. ಫೀಸು ನೆನಪಾಯಿತು. ಆ ರಾತ್ರಿ ತಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ತೋಟ ಎಂತ ಮಾಡವು, ಅಣ್ಣಯ್ಯಾ?’ ಅಂದ. ಕಾಳುಮೆಣಸಿನ ಬಳ್ಳಿ ಹಬ್ಬಿದ್ದು ಅಡಿಕೆ ಮರಕ್ಕೆ. ಏಲಕ್ಕಿಗೆ ನೆರಳು ಅಡಿಕೆ ಮರದ್ದು. ಆ ಸೀಮೆಯ ಮದುವೆ, ಶಾಲೆ, ಆಸ್ಪತ್ರೆ ಖರ್ಚು ನಿಂತದ್ದೂ ಅದರ ಮೇಲೆ. ನಲವತ್ತು ವರ್ಷ ಬ್ಯಾಲೆನ್ಸ್ ಶೀಟ್ ನೋಡಿದ ನನಗೆ ಈ ಎರಡು ಕಡೆಯನ್ನು ತಾಳೆ ಮಾಡಲು ಇವತ್ತಿಗೂ ಬಂದಿಲ್ಲ. ತಮ್ಮ ಮೆಣಸು ಹೆಚ್ಚು ಹಚ್ಚಿದ್ದಾನೆ, ಜಾಯಿಕಾಯಿ ನೆಟ್ಟಿದ್ದಾನೆ. ಅಡಿಕೆ ಇದ್ದೇ ಇದೆ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಕದ ಪಟ್ಟವೂ ಸಿಕ್ಕಿತು. ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ.

ನಾನು ಜಗಿಯುವುದನ್ನು ಆವತ್ತೇ ಬಿಟ್ಟೆ. ಡಬ್ಬಿಗಳನ್ನು ಬಿಟ್ಟಿಲ್ಲ. ನಮ್ಮ ಸೊಸೈಟಿಯಲ್ಲಿ ಯಾರ ಮನೆಯಲ್ಲಿ ಪೂಜೆಯಾದರೂ ‘ಅಂಕಲ್, ಗಣಪತಿಗೆ ಸೋಪಾರಿ’ ಅಂತ ಮಕ್ಕಳು ಬರುತ್ತವೆ. ಅಕ್ಕಿಯ ಮೇಲೆ ಅಡಿಕೆ ಇಟ್ಟು ಗಣಪತಿ ಮಾಡುವುದು ಇಲ್ಲಿಯೂ ಅಲ್ಲಿಯೂ ಒಂದೇ. ನಮ್ಮ ಮನೆಯ ಚಾಲಿಯನ್ನೇ ಆರಿಸಿ ಕೊಡುತ್ತೇನೆ. ದೊಡ್ಡ ಮಕ್ಕಳಾದರೆ, ಪೂಜೆ ಮುಗಿದ ಮೇಲೆ ಬಾಯಿಗೆ ಹಾಕಬಾರದು ಅಂತ ಒಂದು ಮಾತು ಸೇರಿಸುತ್ತೇನೆ. ಮಳೆಗಾಲ ಮುಗಿದ ಕೂಡಲೇ ಡಬ್ಬಿಗಳನ್ನೆಲ್ಲ ಟೆರೇಸಿಗೆ ಒಯ್ದು, ಹಳೇ ಸೀರೆಯ ಮೇಲೆ ಅಡಿಕೆ ಹರಡಿ, ಕಾಗೆ ಕಾಯುತ್ತ ಕೂರುತ್ತೇನೆ. ಈ ಒಂದು ಕೆಲಸಕ್ಕೆ ಅಹಮದಾಬಾದಿನ ಬಿಸಿಲು ನಮ್ಮೂರಿನದಕ್ಕಿಂತ ಒಳ್ಳೆಯದು.