ಗಂಡಿಪೇಟೆಯ ದಂಡೆಯಲ್ಲಿ

ನದೀತೀರದ ಉದ್ಯಾನವೆಂದರೆ ತಂಗಾಳಿ, ಹಸುರು ಹುಲ್ಲು, ಮಕ್ಕಳ ನಲಿದಾಟ ಇಷ್ಟೇ ನಮ್ಮ ಕಣ್ಣಿಗೆ ಬೀಳುವುದು ಸಹಜ. ಆದರೆ ನೀರಿನ ಅಂಚಿನಲ್ಲಿ ಸಂಸಾರಸಮೇತ ನಿಶ್ಚಿಂತೆಯಿಂದ ಕುಳಿತಿರುವ ಭಾಗ್ಯವು ತಾನಾಗಿ ಒದಗುವುದಿಲ್ಲ. ಅದರ ಹಿಂದೆ ಯಾರದೋ ದುಃಖವೂ ಯಾರದೋ ದೂರದೃಷ್ಟಿಯೂ ಇರುತ್ತವೆ. ಕಳೆದ ಸಂಕ್ರಾಂತಿಯ ರಜೆಯಲ್ಲಿ ಈ ಮಾತು ನನಗೆ ಮನದಟ್ಟಾಯಿತು.

ಯಾದಗಿರಿ ಸೀಮೆಯ ಭೀಮಾತೀರದ ಹಳ್ಳಿಯೊಂದರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಕಲಿಸುವ ವೃತ್ತಿಯನ್ನು ಹಿಡಿದು ಈ ಭಾಗ್ಯನಗರಕ್ಕೆ ಬಂದವನು ನಾನು. ಗಚ್ಚಿಬೌಲಿಯಲ್ಲಿ ನಮ್ಮ ಬಿಡಾರ. ಸುತ್ತಲೂ ಮುಗಿಲು ಮುಟ್ಟುವ ಗಾಜಿನ ಸೌಧಗಳು. ಊರಿನಿಂದ ಬಂದಿದ್ದ ನನ್ನ ತಾಯಿಯವರು ವಾರದೊಳಗೇ ಬೇಸತ್ತು, "ನಿಮ್ಮ ಊರಾಗ ಹೊಳಿ ಇಲ್ಲೇನೋ ತಮ್ಮಾ?" ಎಂದು ಕೇಳಿದರು. ಮರುದಿನವೇ ತಾಯಿ, ಮಡದಿ, ಎಂಟು ವರ್ಷದ ಮಗಳೊಡನೆ ಕೋಕಾಪೇಟೆಯನ್ನು ದಾಟಿ ಗಂಡಿಪೇಟೆಗೆ ಹೋದೆನು.

ಅನಂತಗಿರಿಯ ಬೆಟ್ಟಗಳಲ್ಲಿ ಹುಟ್ಟಿದ ಮೂಸಿ ನದಿಯು ಇಲ್ಲಿ ಅಣೆಕಟ್ಟಿಗೆ ತಡೆದು ನಿಂತು ಉಸ್ಮಾನ್ ಸಾಗರವಾಗಿದೆ. ಬಳಿಯಲ್ಲೇ ಉದ್ಯಾನ, ನಡೆದಾಡಲು ಹಾದಿ, ಮಕ್ಕಳಿಗೆ ಆಟದ ತಾಣ. ಮರದ ನೆರಳಿನಲ್ಲಿ ಸಜ್ಜೆರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ಬಿಚ್ಚಿದೆವು. ತೆಲುಗು, ಉರ್ದು, ಕನ್ನಡ ಮೂರೂ ಅಲ್ಲಿ ಕಿವಿಗೆ ಬೀಳುತ್ತಿದ್ದವು. ಮಗಳು ನೀರಿನತ್ತ ಓಡಹೊರಟಾಗ ತಾಯಿಯವರು ಅವಳ ರಟ್ಟೆಯನ್ನು ಬಿಗಿಯಾಗಿ ಹಿಡಿದರು. 2020ರ ಅಕ್ಟೋಬರಿನಲ್ಲಿ ಭೀಮೆಯು ಉಕ್ಕಿ ನಮ್ಮ ಹಿತ್ತಿಲಿಗೇ ಬಂದುದನ್ನು ಕಂಡ ಕೈ ಅದು.

"ಈ ಹೊಳಿನೂ ಹಂಗ ಬರತಿತ್ತೇನು?" ಎಂದರು.

ಬರುತ್ತಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿಯು ನಗರದೊಳಕ್ಕೆ ನುಗ್ಗಿ ಸುಮಾರು 15,000 ಜನರನ್ನು ಬಲಿ ತೆಗೆದುಕೊಂಡಿತು. ಅಫ್ಜಲ್‌ಗಂಜಿನ ಹುಣಿಸೆಯ ಮರವೊಂದನ್ನೇರಿ ಸುಮಾರು 150 ಮಂದಿ ಬದುಕಿಕೊಂಡರು. ಆ ಮರವು ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ ನಿಜಾಮರ ಸರಕಾರವು ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮೂಸಿಗೂ ಅದರ ಜೊತೆಯ ಈಸಿಗೂ ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆಹಿಡಿಯಬೇಕೆಂದು ಸೂಚಿಸಿದರು. ನಗರದ ನಡುವಣ ದಂಡೆಗಳನ್ನು ಉದ್ಯಾನಗಳನ್ನಾಗಿಸಬೇಕೆಂದೂ ಹೇಳಿದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಪ್ರಾಣ ತೆಗೆದ ನೀರೇ ನಗರದ ಕುಡಿಯುವ ನೀರಾಯಿತು.

"ಹಂಗಾರ ಇದು ನಮ್ಮವರು ಕಟ್ಟಿದ ಒಡ್ಡು ಅನ್ನು," ಎಂದು ತಾಯಿಯವರು ಹಿಗ್ಗಿದರು.

ಯೋಜನೆ ನಮ್ಮವರದು; ಹಣ ನಿಜಾಮರ ಬೊಕ್ಕಸದ್ದು; ಕಲ್ಲು ಹೊತ್ತ ಸಾವಿರಾರು ಕೂಲಿಕಾರರ ಹೆಸರು ಯಾವ ಶಿಲೆಯ ಮೇಲೂ ಇಲ್ಲ. ಹೀಗೆ ಹಲವರು ಕೂಡಿ ಕಟ್ಟಿದ್ದರಿಂದಲೇ ಅದು ಎಲ್ಲರದೂ ಆಯಿತೆಂದು ನಾನು ಮಗಳಿಗೆ ತಿಳಿಸಿದೆನು.

ಕಟ್ಟಿದ್ದನ್ನು ಕಾಯುವುದು ಇನ್ನೂ ಕಷ್ಟ. ಎರಡು ಸಾಗರಗಳ ಸುತ್ತಲಿನ 10 ಕಿಲೋಮೀಟರ್ ಪ್ರದೇಶದಲ್ಲಿ ದೊಡ್ಡ ಕಟ್ಟಡಗಳನ್ನೂ ಹೊಲಸು ಸುರಿಸುವ ಕಾರ್ಖಾನೆಗಳನ್ನೂ 1996ರ ಸರಕಾರಿ ಆದೇಶವೊಂದು ತಡೆದಿತ್ತು. 2022ರಲ್ಲಿ ಆ ನಿರ್ಬಂಧಗಳನ್ನು ಸಡಿಲಿಸುವ ಆದೇಶವೂ ಹೊರಟಿತು. ನಗರದೊಳಗಿನ ಮೂಸಿಯ ಸೇತುವೆಗಳ ಮೇಲೆ ಮೂಗು ಮುಚ್ಚಿ ಸಾಗುವ ನಾವು, ಮೇಲ್ಗಡೆಯ ಈ ತಿಳಿನೀರಿಗೂ ಅದೇ ಗತಿ ಬಾರದಿರಲೆಂದು ಎಚ್ಚರ ವಹಿಸಬೇಡವೆ?

ಹೊಟ್ಟೆಪಾಡಿಗಾಗಿ ಬಂದವರು ನಾವು, ಊರಿನ ಹೊಳೆಯ ಚಿಂತೆ ನಮಗೇಕೆ ಎನ್ನುವವರುಂಟು. ವಿಶ್ವೇಶ್ವರಯ್ಯನವರೂ ಇಲ್ಲಿಗೆ ಹೊರಗಿನಿಂದಲೇ ಬಂದವರು. ನಮ್ಮ ಭೀಮೆಯು ಕೃಷ್ಣೆಯನ್ನು ಸೇರುತ್ತಾಳೆ. ಆ ಕೃಷ್ಣೆಯನ್ನು ಮುಂದೆ ನಲ್ಲಗೊಂಡ ಜಿಲ್ಲೆಯ ವಾಡಪಲ್ಲಿಯಲ್ಲಿ ಮೂಸಿಯು ಕೂಡುತ್ತಾಳೆ. ನೀರಿಗೆ ಇಲ್ಲದ ಪರಕೀಯತೆ ನಮಗೇಕೆ? ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ತಂದೆತಾಯಿಗಳೊಡನೆ ನೀವೂ ಗಂಡಿಪೇಟೆಗೆ ಹೋಗಿ ಆಡಿ ನಲಿಯಿರಿ. ಹಿರಿಯರು ಬಿಟ್ಟುಹೋದ ಆ ತಿಳಿನೀರು ನಿಮ್ಮ ಮಕ್ಕಳ ಕಾಲಕ್ಕೂ ತಿಳಿಯಾಗಿಯೇ ಉಳಿಯುವಂತೆ ನಡೆದುಕೊಳ್ಳಿರಿ.